ಗಣಿತ ಓದಿ ಮುಂಗಾರಿನ ಬೆನ್ನು ಹತ್ತಿದ ಗಿಲ್ಬರ್ಟ್ ವಾಕರ್

ಪ್ರಥಮ ಪಿಯುಸಿ ಮುಗಿಯುವ ಹೊತ್ತಿಗೆ ನನಗೆ ಎರಡು ವಿಷಯಗಳು ಖಚಿತವಾಗಿದ್ದವು. ಒಂದು, ಮುಂದೆ ಕಡಲು ಮತ್ತು ಹವಾಮಾನದ ಬಗ್ಗೆ ಓದಬೇಕು. ಇನ್ನೊಂದು, ಗಣಿತದ ಸಹವಾಸ ಇಲ್ಲಿಗೇ ಸಾಕು. ಈ ಎರಡು ಆಸೆಗಳು ಒಟ್ಟಿಗೆ ನಡೆಯುವುದಿಲ್ಲ ಎಂದು ನನಗೆ ಹೇಳಿಕೊಟ್ಟವರು 1958ರಲ್ಲೇ ತೀರಿಹೋದ ಒಬ್ಬ ಮನುಷ್ಯ. ಅವರ ಕಥೆಯನ್ನೇ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಆಸೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಮ್ಮ ಬಾಪ ಧಕ್ಕೆಯಲ್ಲಿ ಮೀನು ವ್ಯಾಪಾರ ಮಾಡುತ್ತಾರೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮನೆಯಲ್ಲಿ ಮಳೆಯದ್ದೇ ಮಾತು. ಮಳೆ ಯಾವಾಗ ಹಿಡಿಯಿತು, ಗಾಳಿ ಯಾವ ಕಡೆಯದು, ಆಗಸ್ಟಿನಲ್ಲಿ ಕಡಲು ಹೇಗಿರುತ್ತದೆ ಎಂದು ಬಾಪ ಮತ್ತು ಅವರ ಜೊತೆಯವರು ಜಗಲಿಯಲ್ಲಿ ಕುಳಿತು ಲೆಕ್ಕ ಹಾಕುತ್ತಾರೆ. 2023ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಆ ವರ್ಷ ಮುಂಗಾರು ತಡವಾಯಿತು. ದೇಶಕ್ಕೆ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಟಿವಿಯಲ್ಲಿ ಎಲ್ಲರೂ ಎಲ್ ನಿನೋ ಎನ್ನುತ್ತಿದ್ದರು. ಭೂಮಿಯ ಇನ್ನೊಂದು ಬದಿಯಲ್ಲಿರುವ ಪೆರು ದೇಶದ ಹತ್ತಿರ ಕಡಲ ನೀರು ಬಿಸಿಯಾದರೆ ಕೋಲಾರದ ಹೊಲ ಯಾಕೆ ಒಣಗಬೇಕು ಎಂದು ಬಾಪ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು.

ಕಳೆದ ವರ್ಷ ನಮ್ಮ ಭೌತಶಾಸ್ತ್ರದ ಸರ್ ಹತ್ತಿರ ಹೋಗಿ, ಸಾಗರ ವಿಜ್ಞಾನ ಮತ್ತು ವಾಯುಮಂಡಲ ವಿಜ್ಞಾನದಲ್ಲಿ ಡಿಗ್ರಿ ಎಲ್ಲಿ ಮಾಡಬಹುದು ಎಂದು ಕೇಳಿದೆ. ನಮ್ಮ ಸುತ್ತಮುತ್ತಲಿನ ಡಿಗ್ರಿ ಕಾಲೇಜುಗಳಲ್ಲಿ ಆ ಹೆಸರಿನ ಕೋರ್ಸ್ ಇಲ್ಲ, ಹೆಚ್ಚಿನವರು ಬಿಎಸ್‌ಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ ಆಮೇಲೆ ಎಂಎಸ್‌ಸಿಯಲ್ಲಿ ಆ ಕಡೆ ತಿರುಗುತ್ತಾರೆ ಎಂದು ಅವರು ಹೇಳಿದರು. ನನ್ನ ಮುಖ ಸಣ್ಣದಾಯಿತು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ನನಗೆ ಬಂದದ್ದು 80ಕ್ಕೆ 31. ಸರ್ ಬೈಯಲಿಲ್ಲ. ವಾರ್ತಾಪತ್ರಕ್ಕೆ ಒಬ್ಬ ವಿಜ್ಞಾನಿಯ ಜೀವನ ಬರೆದು ಕೊಡು, ಗಿಲ್ಬರ್ಟ್ ವಾಕರ್ ಬಗ್ಗೆ ಬರಿ ಎಂದು ಹೇಳಿ ಕಳುಹಿಸಿದರು.

ಗಿಲ್ಬರ್ಟ್ ಥಾಮಸ್ ವಾಕರ್ ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ರಾಚ್‌ಡೇಲ್ ಎಂಬ ಊರಿನಲ್ಲಿ. ತಂದೆ ಎಂಜಿನಿಯರ್. ಮುಂದೆ ಕುಟುಂಬ ಲಂಡನ್ನಿನ ಪಕ್ಕದ ಕ್ರಾಯ್ಡನ್‌ಗೆ ಬಂತು. ವಾಕರ್ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆ ಸೇರಿದರು. ಹುಡುಗನಾಗಿದ್ದಾಗಲೇ ಅವರಿಗೆ ತಿರುಗುವ ವಸ್ತುಗಳ ಹುಚ್ಚು. ಶಾಲೆಯಲ್ಲಿರುವಾಗಲೇ ಜೈರೋಸ್ಕೋಪ್ ಒಂದನ್ನು ತಯಾರಿಸಿದ್ದರು. ನಮ್ಮ ಬುಗುರಿ ಇದೆಯಲ್ಲ, ಅದರ ವಿದ್ಯಾವಂತ ಅಣ್ಣ ಅಂದುಕೊಳ್ಳಿ. ತಿರುಗುತ್ತಿರುವಷ್ಟು ಹೊತ್ತು ಬೀಳದೆ ನಿಲ್ಲುವ ಚಕ್ರ ಅದು.

1886ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದರು. ಡಿಗ್ರಿಯಲ್ಲಿ ಓದಿದ್ದು ಗಣಿತ. 1889ರ ಅಂತಿಮ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. ಕೇಂಬ್ರಿಡ್ಜ್‌ನ ಗಣಿತದಲ್ಲಿ ಹೀಗೆ ಮೊದಲು ಬಂದವರನ್ನು ಸೀನಿಯರ್ ರ‍್ಯಾಂಗ್ಲರ್ ಎಂದು ಕರೆಯುತ್ತಾರೆ. ಆ ಕಾಲದಲ್ಲಿ ಅದಕ್ಕೆ ಇದ್ದ ಮರ್ಯಾದೆ ದೊಡ್ಡದು. ಆದರೆ ಅತಿಯಾದ ಓದಿನಿಂದಲೋ ಏನೋ, ಮರುವರ್ಷವೇ ಆರೋಗ್ಯ ಕೆಟ್ಟಿತು. ಚೇತರಿಸಿಕೊಳ್ಳಲು ಮೂರು ಚಳಿಗಾಲ ಸ್ವಿಟ್ಜರ್ಲೆಂಡಿನಲ್ಲಿ ಕಳೆದರು. ಅಲ್ಲಿ ಹಿಮದ ಮೇಲೆ ಸ್ಕೇಟಿಂಗ್ ಕಲಿತರು. ಮೊದಲ ರ‍್ಯಾಂಕ್ ಬಂದವರೂ ಕುಸಿಯುತ್ತಾರೆ, ನಿಲ್ಲುತ್ತಾರೆ, ಮತ್ತೆ ಏಳುತ್ತಾರೆ ಎಂಬುದನ್ನು ನೀಟ್, ಸಿಇಟಿ ಎಂದು ನಿದ್ದೆಗೆಡುತ್ತಿರುವ ನಮ್ಮ ತರಗತಿಯವರು ಗಮನಿಸಬೇಕು.

ಕೇಂಬ್ರಿಡ್ಜ್‌ಗೆ ಮರಳಿ ಉಪನ್ಯಾಸಕರಾದ ಮೇಲೆ ವಾಕರ್ ಅವರಿಗೆ ಇನ್ನೊಂದು ಹುಚ್ಚು ಹಿಡಿಯಿತು. ಅದು ಬೂಮರಾಂಗ್. ಎಸೆದರೆ ತಿರುಗುತ್ತಾ ಹೋಗಿ ಎಸೆದವರ ಹತ್ತಿರಕ್ಕೇ ಮರಳುವ ಆಸ್ಟ್ರೇಲಿಯಾದ ಮೂಲನಿವಾಸಿಗಳ ಮರದ ಆಯುಧ ಅದು. ಕಾಲೇಜಿನ ಹಿಂದಿನ ಹುಲ್ಲುಗಾವಲಿನಲ್ಲಿ ಅದನ್ನು ಎಸೆದು ನೋಡುವುದು, ಮತ್ತೆ ಕೋಣೆಗೆ ಬಂದು ಅದರ ಚಲನೆಗೆ ಸಮೀಕರಣ ಬರೆಯುವುದು. 1897ರಲ್ಲಿ ಆ ವಿಷಯದ ಮೇಲೆ ಅವರ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಗೆಳೆಯರು ಅವರನ್ನು ಬೂಮರಾಂಗ್ ವಾಕರ್ ಎಂದೇ ಕರೆಯತೊಡಗಿದರು. ಕೊಳಲಿನಲ್ಲೂ ಅವರಿಗೆ ಅಷ್ಟೇ ಆಸಕ್ತಿ. ನುಡಿಸುವುದಷ್ಟೇ ಅಲ್ಲ, ಅದರ ರಚನೆಯನ್ನು ಸುಧಾರಿಸುವುದರಲ್ಲೂ ತೊಡಗಿದ್ದರು.

ಇಲ್ಲಿಯವರೆಗೆ ಓದಿದಾಗ ನನಗೆ ಅನುಮಾನವಾಯಿತು. ಸರ್ ತಪ್ಪಿ ಬೇರೆ ಯಾರದೋ ಹೆಸರು ಹೇಳಿದರೇ? ಕಡಲಿಲ್ಲ, ಮೋಡವಿಲ್ಲ, ಮಳೆಯಿಲ್ಲ. ಮಳೆ ಬರಲು ಇನ್ನೂ ಸ್ವಲ್ಪ ಕಾಯಬೇಕಿತ್ತು. ಅದಕ್ಕೆ ನಾವು ಭಾರತಕ್ಕೆ ಬರಬೇಕು.

ನಮ್ಮ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮರುವರ್ಷವೇ ಮುಂಗಾರು ಕೈಕೊಟ್ಟಿತು. ದಕ್ಷಿಣ ಭಾರತದಲ್ಲಿ ಭೀಕರ ಕ್ಷಾಮ ಬಂತು. ಧಾತು ಸಂವತ್ಸರದ ಬರ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು ಐದರಲ್ಲಿ ಒಂದು ಭಾಗ ಜನ ಇಲ್ಲವಾದರು ಎಂದು ಚರಿತ್ರೆಯಲ್ಲಿ ಓದುತ್ತೇವೆ. ಮಳೆ ಇಲ್ಲದ್ದಷ್ಟೇ ಅದಕ್ಕೆ ಕಾರಣವಲ್ಲ, ಆಳುವವರ ನೀತಿಯೂ ಕಾರಣ. ಆದರೂ ಮಳೆ ಬಾರದು ಎಂದು ಮೊದಲೇ ತಿಳಿದಿದ್ದರೆ ಒಂದಿಷ್ಟು ಸಿದ್ಧತೆ ಮಾಡಬಹುದಿತ್ತು ಎಂಬ ಯೋಚನೆ ಬಂತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಬಯಲಿನಲ್ಲಿ ಮುಂಗಾರು ಕ್ಷೀಣಿಸುತ್ತದೆ ಎಂದು ಗಮನಿಸಿ ಮುನ್ಸೂಚನೆ ಕೊಡಲು ಆರಂಭಿಸಿದರು. ಅವರ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆ ಎಂದು ಹೇಳಿದರು. ಬಂದದ್ದು ಮತ್ತೊಂದು ಭೀಕರ ಬರ.

ಎಲಿಯಟ್ ನಿವೃತ್ತರಾಗುವಾಗ ತಮ್ಮ ಸ್ಥಾನಕ್ಕೆ ಹವಾಮಾನದ ಅನುಭವಿಗಿಂತ ಒಳ್ಳೆಯ ಗಣಿತಜ್ಞ ಬೇಕು ಎಂದು ಬಯಸಿದರು. ಹಾಗೆ ಆಯ್ಕೆಯಾದವರು ವಾಕರ್. ಹವಾಮಾನದಲ್ಲಿ ಅವರಿಗೆ ಯಾವ ಅನುಭವವೂ ಇರಲಿಲ್ಲ. ಕೆಲಸಕ್ಕೆ ಬರುವ ಮೊದಲು ಯುರೋಪ್ ಮತ್ತು ಅಮೆರಿಕದ ಹವಾಮಾನ ಕೇಂದ್ರಗಳನ್ನು ಸುತ್ತಿ ನೋಡಿದರು. 1904ರಲ್ಲಿ, 35ನೆಯ ವಯಸ್ಸಿನಲ್ಲಿ, ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು. ಮರುವರ್ಷ ಇಲಾಖೆಯ ಕೇಂದ್ರ ಕಚೇರಿ ಕಲ್ಕತ್ತಾದಿಂದ ಶಿಮ್ಲಾಕ್ಕೆ ಹೋಯಿತು. ಅವರು ಆ ಹುದ್ದೆಯಲ್ಲಿ 20 ವರ್ಷ ಇದ್ದರು.

ಗಣಿತಜ್ಞರಾದ್ದರಿಂದ ಮೋಡ ಗಾಳಿಗಳಿಗೂ ಸಮೀಕರಣ ಬರೆದು ಬಿಡಿಸುತ್ತಾರೆ ಎಂದು ನಾವು ಊಹಿಸಬಹುದು. ಅವರು ಹಾಗೆ ಮಾಡಲಿಲ್ಲ. ಗಾಳಿಯ ಚಲನೆಗೆ ಸಮೀಕರಣ ಇದೆ, ಆದರೆ ಇಡೀ ಭೂಮಿಯ ಗಾಳಿಗೆ ಅದನ್ನು ಕೈಯಿಂದ ಬಿಡಿಸಿ ಮುಂದಿನ ಮಳೆಗಾಲವನ್ನು ಹೇಳುವುದು ಆಗ ಅಸಾಧ್ಯವಾಗಿತ್ತು. ಕಂಪ್ಯೂಟರ್ ಇರಲಿಲ್ಲ. ಅದಕ್ಕೆ ಅವರು ಇನ್ನೊಂದು ದಾರಿ ಹಿಡಿದರು. ಅದು ಸಂಖ್ಯಾಶಾಸ್ತ್ರದ ದಾರಿ. ಭಾರತದ ಮಳೆಯನ್ನು ಭಾರತದಲ್ಲಿ ಮಾತ್ರ ಹುಡುಕಿದರೆ ಸಾಲದು, ಪ್ರಪಂಚದ ಬೇರೆ ಕಡೆಗಳ ಒತ್ತಡ, ಉಷ್ಣಾಂಶ, ಮಳೆಯ ದಾಖಲೆಗಳನ್ನೂ ತಂದು ಪಕ್ಕದಲ್ಲಿಟ್ಟು ನೋಡಬೇಕು ಎಂಬುದು ಅವರ ಯೋಚನೆ.

ಇಲ್ಲಿ ಸಹಸಂಬಂಧ ಗುಣಾಂಕದ ಬಗ್ಗೆ ಒಂದು ಮಾತು. ವಾಣಿಜ್ಯ ವಿಭಾಗದ ಸ್ನೇಹಿತರಿಗೆ ಇದು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಬರುತ್ತದೆ. ಎರಡು ಅಂಕಿಸಾಲುಗಳು ಒಟ್ಟಿಗೆ ಏರಿಳಿದರೆ ಗುಣಾಂಕ 1ರ ಹತ್ತಿರ, ಒಂದು ಏರಿದಾಗ ಇನ್ನೊಂದು ಇಳಿದರೆ −1ರ ಹತ್ತಿರ, ಸಂಬಂಧವೇ ಇಲ್ಲದಿದ್ದರೆ ಸೊನ್ನೆಯ ಹತ್ತಿರ. ವಾಕರ್ ಇಂಥ ಗುಣಾಂಕಗಳನ್ನು ರಾಶಿ ರಾಶಿಯಾಗಿ ಲೆಕ್ಕ ಹಾಕಿಸಿದರು. ಇಲಾಖೆಯ ಭಾರತೀಯ ಗುಮಾಸ್ತರು ವರ್ಷಗಟ್ಟಲೆ ಕುಳಿತು ಕೈಯಲ್ಲೇ ಗುಣಿಸಿ, ಕೂಡಿಸಿ, ವರ್ಗಮೂಲ ತೆಗೆದರು. ಅವರ ಹೆಸರುಗಳನ್ನು ಇಂದು ನಾವು ಹೇಳುವುದಿಲ್ಲ. ಆದರೆ ಈ ಕಥೆಯಲ್ಲಿ ಅವರ ಬೆವರು ದೊಡ್ಡದು.

ಲೆಕ್ಕ ಹಾಕುವುದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ವಾಕರ್ ತಮ್ಮ ಲೆಕ್ಕವನ್ನೇ ಅನುಮಾನಿಸಿದ ರೀತಿ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ತರಗತಿಯ ಅಂಕಗಳನ್ನು ತೆಗೆದುಕೊಂಡು, ಅದನ್ನು ರೋಲ್ ನಂಬರ್, ಎತ್ತರ, ಮನೆಯಿಂದ ಕಾಲೇಜಿನ ದೂರ, ಅಣ್ಣತಮ್ಮಂದಿರ ಸಂಖ್ಯೆ, ಶೂಗಳ ಅಳತೆ ಹೀಗೆ ನೂರು ವಿಷಯಗಳ ಜೊತೆ ಹೋಲಿಸಿ ನೋಡಿದರೆ ಯಾವುದೋ ಒಂದು ಖಂಡಿತ ಹೊಂದಿಕೊಂಡಂತೆ ಕಾಣುತ್ತದೆ. ಶೂ ದೊಡ್ಡದಾದರೆ ಅಂಕ ಹೆಚ್ಚು ಎಂದು ಆಗ ತೀರ್ಮಾನಿಸಿಬಿಟ್ಟರೆ ಜನ ನಗುತ್ತಾರೆ. ನೂರು ಸಲ ಹುಡುಕಿದಾಗ ಅಕಸ್ಮಾತ್ ಸಿಕ್ಕುವ ಹೊಂದಾಣಿಕೆಗೂ ನಿಜವಾದ ಸಂಬಂಧಕ್ಕೂ ವ್ಯತ್ಯಾಸ ಇದೆ. ಎಷ್ಟು ಹುಡುಕಿದ್ದೇವೋ ಅಷ್ಟು ಗಟ್ಟಿ ಸಾಕ್ಷ್ಯ ಬೇಕು ಎಂದು ವಾಕರ್ 1914ರಲ್ಲೇ ಒಂದು ಅಳತೆಗೋಲು ರೂಪಿಸಿದರು. ಆಗ ಅನೇಕರು ನಂಬಿದ್ದ ಸೂರ್ಯನ ಕಲೆಗಳಿಗೂ ಮಳೆಗೂ ಇರುವ ಸಂಬಂಧವನ್ನು ಪರೀಕ್ಷಿಸಿ, ಅದರಿಂದ ಮುನ್ಸೂಚನೆಗೆ ಪ್ರಯೋಜನ ಇಲ್ಲ ಎಂದು ಕಂಡುಕೊಂಡರು. ಇಂದು ಮೊಬೈಲಿನಲ್ಲಿ ಬರುವ ಅರ್ಧಂಬರ್ಧ ಸಂದೇಶಗಳನ್ನು ನಂಬಿಬಿಡುವ ನಮಗೂ ಆ ಅಳತೆಗೋಲು ಬೇಕು.

ಈ ನಡುವೆ ನಡೆದ ಒಂದು ಘಟನೆಯನ್ನು ಪಿಯುಸಿಯವರಾದ ನಾವು ಬಿಟ್ಟುಬಿಡುವಂತಿಲ್ಲ. 1913ರ ಫೆಬ್ರವರಿಯಲ್ಲಿ ವಾಕರ್ ಇಲಾಖೆಯ ಕೆಲಸದ ಮೇಲೆ ಮದ್ರಾಸಿಗೆ ಬಂದಿದ್ದರು. ಅಲ್ಲಿನ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಒಬ್ಬ ಗುಮಾಸ್ತನ ನೋಟ್‌ಪುಸ್ತಕಗಳನ್ನು ಬಂದರಿನ ಅಧ್ಯಕ್ಷ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಮುಂದಿಟ್ಟರು. ಆ ಗುಮಾಸ್ತ ಎಫ್‌ಎ ಪರೀಕ್ಷೆಯಲ್ಲಿ ಫೇಲಾದವನು. ಎಫ್‌ಎ ಅಂದರೆ ಹೆಚ್ಚುಕಡಿಮೆ ಈಗಿನ ನಮ್ಮ ಪಿಯುಸಿ. ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಅವನಿಗೆ ಮನಸ್ಸು ನಿಲ್ಲುತ್ತಿರಲಿಲ್ಲ. ಅವನ ಹೆಸರು ಶ್ರೀನಿವಾಸ ರಾಮಾನುಜನ್. ಆ ಪುಟಗಳಲ್ಲಿದ್ದ ಗಣಿತ ತಮ್ಮ ಕ್ಷೇತ್ರದ್ದಲ್ಲ ಎಂದು ವಾಕರ್ ಒಪ್ಪಿಕೊಂಡರು. ಆದರೂ ಅದರ ಬೆಲೆ ಅವರಿಗೆ ತಿಳಿಯಿತು. ಫೆಬ್ರವರಿ 26ರಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ಈ ಯುವಕ ಹೊಟ್ಟೆಪಾಡಿನ ಚಿಂತೆ ಇಲ್ಲದೆ ಕೆಲವು ವರ್ಷ ಗಣಿತವನ್ನಷ್ಟೇ ಮಾಡಲು ಅವಕಾಶ ಕೊಡಬೇಕೆಂದು ಶಿಫಾರಸು ಮಾಡಿದರು. ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನವನ್ನು ಎರಡು ವರ್ಷಕ್ಕೆ ಮಂಜೂರು ಮಾಡಿತು. ರಾಮಾನುಜನ್ ಕೇಂಬ್ರಿಡ್ಜ್ ತಲುಪಿದ ಕಥೆ ನಿಮಗೆಲ್ಲ ಗೊತ್ತು. ಆ ದಾರಿಯಲ್ಲಿ ಬಾಗಿಲು ತೆರೆದವರಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರೂ ಒಬ್ಬರು ಎಂಬುದು ನನಗೆ ಗೊತ್ತಿರಲಿಲ್ಲ.

ಮತ್ತೆ ಮಳೆಗೆ ಬರೋಣ. ವರ್ಷಗಳ ಲೆಕ್ಕದ ನಂತರ ವಾಕರ್ ಅವರ ಮುಂದೆ ಒಂದು ಚಿತ್ರ ಮೂಡತೊಡಗಿತು. ಪೆಸಿಫಿಕ್ ಸಾಗರದ ಕಡೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಊರಿನ ಮಕ್ಕಳು ಹಲಗೆಯ ಎರಡು ತುದಿಗಳಲ್ಲಿ ಕುಳಿತು ಏರಿಳಿಯುವ ಆಟದಂತೆ ಇದು, ಹಲಗೆಯ ಉದ್ದ ಮಾತ್ರ ಸಾವಿರಾರು ಕಿಲೋಮೀಟರ್. ಇದಕ್ಕೆ ಅವರು ದಕ್ಷಿಣದ ಆಂದೋಲನ ಎಂದು ಹೆಸರಿಟ್ಟರು. ಅಟ್ಲಾಂಟಿಕ್ ಸಾಗರದ ಉತ್ತರಕ್ಕೆ ಒಂದು, ಪೆಸಿಫಿಕ್ ಸಾಗರದ ಉತ್ತರಕ್ಕೆ ಒಂದು, ಹೀಗೆ ಇನ್ನೆರಡು ಆಂದೋಲನಗಳನ್ನೂ ಗುರುತಿಸಿದರು. ಮೂರರಲ್ಲಿ ದಕ್ಷಿಣದ್ದೇ ದೊಡ್ಡದು. ನಮ್ಮ ಮುಂಗಾರು ಅದರ ಜೊತೆಗೆ ಕಟ್ಟಿಕೊಂಡಿತ್ತು.

1924ರಲ್ಲಿ ನಿವೃತ್ತರಾಗಿ, ಸರ್ ಪದವಿ ಪಡೆದು ಇಂಗ್ಲೆಂಡಿಗೆ ಮರಳಿದರು. 1934ರವರೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಗಣಿತ ಮಾತ್ರ ಓದಿದ್ದ ಹುಡುಗ ಈಗ ಹವಾಮಾನ ಶಾಸ್ತ್ರ ಕಲಿಸುವ ಮೇಷ್ಟ್ರಾಗಿದ್ದರು. 1931ರಲ್ಲಿ ಅವರು ಬರೆದ ಸಮೀಕರಣಗಳು ಯೂಲ್ ಎಂಬ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞರ ಹೆಸರಿನ ಜೊತೆ ಸೇರಿ ಯೂಲ್ ವಾಕರ್ ಸಮೀಕರಣಗಳು ಎಂದು ಇಂದಿಗೂ ಬಳಕೆಯಲ್ಲಿವೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ವಾಕರ್ ಯಾವ ಕೆಲಸಕ್ಕೆ ಭಾರತಕ್ಕೆ ಬಂದಿದ್ದರೋ ಆ ಕೆಲಸ ಆಗಲಿಲ್ಲ. ಮುಂಗಾರನ್ನು ಭರವಸೆಯಿಂದ ಮೊದಲೇ ಹೇಳುವ ಸೂತ್ರ ಅವರಿಗೆ ಸಿಗಲಿಲ್ಲ. ಅವರ ಸೂತ್ರಗಳು ಕೆಲವು ವರ್ಷ ಸರಿಹೋದವು, ಕೆಲವು ವರ್ಷ ತಪ್ಪಿದವು. ಅದಕ್ಕೇ ಇಡೀ ಋತುವಿನ ಬಗ್ಗೆ ಹೇಳುವಾಗ ಮುನ್ಸೂಚನೆ ಎಂಬ ಗಟ್ಟಿ ಪದದ ಬದಲು ಮುನ್ನೆರಳು ಎಂಬ ಅರ್ಥದ ಮೆತ್ತಗಿನ ಪದವನ್ನು ಅವರು ಇಷ್ಟಪಡುತ್ತಿದ್ದರು. ಅವರ ನಂತರ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಇನ್ನೊಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಮುಂಗಾರಿಗೆ ಮೊದಲು ನಡೆಯುವ ಘಟನೆಗಳಿಗಿಂತ ನಂತರ ಬೇರೆ ದೇಶಗಳಲ್ಲಿ ನಡೆಯುವ ಘಟನೆಗಳ ಜೊತೆ ಅದರ ಸಂಬಂಧ ಗಟ್ಟಿಯಾಗಿತ್ತು. ಅಂದರೆ ನಮ್ಮ ಮಳೆಯನ್ನು ಊಹಿಸಲು ಹೋದವರಿಗೆ, ನಮ್ಮ ಮಳೆಯಿಂದ ಬೇರೆಯವರ ಹವಾಮಾನ ಊಹಿಸುವುದು ಸುಲಭ ಎಂದು ಕಂಡಿತು. ದಕ್ಷಿಣದ ಆಂದೋಲನಕ್ಕೆ ಕಾರಣ ಏನು ಎಂದು ವಾಕರ್ ಅವರಿಗೂ ಹೇಳಲಾಗಲಿಲ್ಲ. ಕಾರಣ ಇಲ್ಲದ ಅಂಕಿಗಳನ್ನು ಹೇಗೆ ನಂಬುವುದು ಎಂದು ಅನೇಕ ವಿಜ್ಞಾನಿಗಳು ಸಂದೇಹಪಟ್ಟರು.

ಕಾರಣ ಇದ್ದದ್ದು ಗಾಳಿಯಲ್ಲಿ ಮಾತ್ರ ಅಲ್ಲ, ಕಡಲಿನಲ್ಲಿ. ಪೆರು ದೇಶದ ಮೀನುಗಾರರಿಗೆ ಅದರ ಒಂದು ತುದಿ ಮೊದಲೇ ಗೊತ್ತಿತ್ತು. ಕ್ರಿಸ್‌ಮಸ್ ಹೊತ್ತಿಗೆ ತಮ್ಮ ತಣ್ಣನೆಯ ಕಡಲಿಗೆ ಬೆಚ್ಚಗಿನ ನೀರು ಬರುವುದನ್ನು ಅವರು ಕಂಡಿದ್ದರು. ಕ್ರಿಸ್‌ಮಸ್‌ಗೆ ಬಂದದ್ದರಿಂದ ಬಾಲಯೇಸು ಎಂಬ ಅರ್ಥದಲ್ಲಿ ಅದನ್ನು ಎಲ್ ನಿನೋ ಎಂದು ಕರೆದರು. ಟಿವಿಯಲ್ಲಿ ದೊಡ್ಡ ದೊಡ್ಡವರು ಹೇಳುವ ಆ ಪದ ಮೀನು ಹಿಡಿಯುವವರು ಕೊಟ್ಟದ್ದು ಎಂದು ಹೇಳಿದಾಗ ನಮ್ಮ ಬಾಪನಿಗೆ ಆದ ಖುಷಿ ಅಷ್ಟಿಷ್ಟಲ್ಲ.

1957 ಮತ್ತು 58ರಲ್ಲಿ ಅಂತಾರಾಷ್ಟ್ರೀಯ ಭೂಭೌತ ವರ್ಷ ಎಂಬ ದೊಡ್ಡ ಕಾರ್ಯಕ್ರಮ ನಡೆಯಿತು. ಹಲವು ದೇಶಗಳು ಸೇರಿ ಕಡಲು, ಗಾಳಿ, ಭೂಮಿಯನ್ನು ಒಟ್ಟಿಗೆ ಅಳೆದವು. ಅದೇ ಹೊತ್ತಿಗೆ ಒಂದು ಬಲವಾದ ಎಲ್ ನಿನೋ ಬಂತು. ಆ ಅಳತೆಗಳನ್ನು ಇಟ್ಟುಕೊಂಡು ನಾರ್ವೆ ಮೂಲದ ವಿಜ್ಞಾನಿ ಜೇಕಬ್ ಬ್ಯರ್ಕ್ನೆಸ್ 1969ರಲ್ಲಿ ಗುಟ್ಟು ಬಿಡಿಸಿದರು. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಸಮಭಾಜಕ ವೃತ್ತದ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಅದು ಬೆಚ್ಚಗಿನ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳಿ ಗುಡ್ಡೆ ಹಾಕುತ್ತದೆ. ಅಲ್ಲಿ ಗಾಳಿ ಬಿಸಿಯಾಗಿ ಮೇಲೇರಿ ಮಳೆ ಸುರಿಸುತ್ತದೆ. ಪೆರುವಿನ ಹತ್ತಿರ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ, ಅಲ್ಲಿ ಗಾಳಿ ಕೆಳಗಿಳಿಯುತ್ತದೆ. ಹೀಗೆ ಒಂದು ದೊಡ್ಡ ಚಕ್ರ ಸುತ್ತುತ್ತಿರುತ್ತದೆ. ಪೂರ್ವದ ಗಾಳಿ ದುರ್ಬಲವಾದರೆ ಬೆಚ್ಚಗಿನ ನೀರು ಪೂರ್ವಕ್ಕೆ ಹರಡುತ್ತದೆ, ಗಾಳಿ ಮೇಲೇರುವ ಜಾಗವೂ ಅದರ ಹಿಂದೆ ಹೋಗುತ್ತದೆ. ಆಗ ನಮ್ಮ ಕಡೆ ಗಾಳಿ ಕೆಳಗಿಳಿಯುವುದು ಹೆಚ್ಚಾಗಿ ಮೋಡ ಕಟ್ಟುವುದು ಕಡಿಮೆಯಾಗುತ್ತದೆ. ಪೆರುವಿಗೂ ಕೋಲಾರಕ್ಕೂ ಇರುವ ಸಂಬಂಧ ಇದು. ಬ್ಯರ್ಕ್ನೆಸ್ ಆ ಚಕ್ರಕ್ಕೆ ವಾಕರ್ ಪರಿಚಲನೆ ಎಂದು ಹೆಸರಿಟ್ಟರು.

ವಾಕರ್ ಅದನ್ನು ನೋಡಲಿಲ್ಲ. 1958ರ ನವೆಂಬರ್ 4ರಂದು, 90ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಮಾತು ನಿಜ ಎಂದು ತೋರಿಸಲಿದ್ದ ಅಳತೆಗಳು ಅದೇ ವರ್ಷ ಕಡಲಿನ ಮೇಲೆ ನಡೆಯುತ್ತಿದ್ದವು.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. 2009ರ ಎಲ್ ನಿನೋ ವರ್ಷ ದೇಶದ ಮುಂಗಾರು ಮಳೆ ಶೇ. 22ರಷ್ಟು ಕಡಿಮೆಯಾಯಿತು. 2015ರಲ್ಲಿ ಶೇ. 14ರಷ್ಟು ಕಡಿಮೆ. ಆದರೆ 1997ರಲ್ಲಿ ಅತಿ ಬಲವಾದ ಎಲ್ ನಿನೋ ಇದ್ದರೂ ಮಳೆ ಹೆಚ್ಚುಕಡಿಮೆ ಸರಿಯಾಗಿಯೇ ಬಂತು. ಯಾಕೆ ಎಂದು ಹುಡುಕಿದಾಗ ನಮ್ಮದೇ ಹಿಂದೂ ಮಹಾಸಾಗರದ ಪೂರ್ವ ಮತ್ತು ಪಶ್ಚಿಮ ಭಾಗಗಳ ಉಷ್ಣಾಂಶದ ಏರುಪೇರು ಕೂಡ ಮಳೆಯನ್ನು ತಿದ್ದುತ್ತದೆ ಎಂದು ಗೊತ್ತಾಯಿತು. ವಿಜ್ಞಾನಿಗಳು ಅದನ್ನು 1999ರಲ್ಲಿ ವಿವರಿಸಿದರು. ಅಂದರೆ ವಾಕರ್ ಬಿಟ್ಟುಹೋದ ಲೆಕ್ಕ ಇನ್ನೂ ಬಿಡಿಸಿ ಮುಗಿದಿಲ್ಲ. ನಮ್ಮ ಬೂತಾಯಿ ಮೀನಿನ ಕಥೆಯೂ ಇದರಲ್ಲಿ ಸೇರಿಕೊಂಡಿದೆ. ಕೇರಳದ ಕಡಲಲ್ಲಿ ಬೂತಾಯಿ ಕಡಿಮೆಯಾದುದಕ್ಕೂ ಎಲ್ ನಿನೋಗೂ ನಂಟಿದೆ ಎಂದು ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ್ದಾರೆ. ಈ ಲೆಕ್ಕದ ಮೇಲೆ ನಮ್ಮ ಮನೆಯ ಒಲೆಯೂ ನಿಂತಿದೆ.

ಸ್ನೇಹಿತರೇ, ಇದನ್ನೆಲ್ಲ ಓದಿದ ಮೇಲೆ ನಾನು ಮತ್ತೆ ಸರ್ ಹತ್ತಿರ ಹೋದೆ. ಈ ಸಲ ಕೋರ್ಸಿನ ಹೆಸರು ಕೇಳಲಿಲ್ಲ, ಏನು ಕಲಿಯಬೇಕು ಎಂದು ಕೇಳಿದೆ. ಅವರು ಹೇಳಿದ್ದನ್ನು ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಕಡಲೂ ಗಾಳಿಯೂ ಹರಿಯುವ ವಸ್ತುಗಳು. ಅವುಗಳ ಚಲನೆ ಅರ್ಥವಾಗಲು ಕಲನಶಾಸ್ತ್ರ ಮತ್ತು ಸದಿಶ ಬೇಕು. ಶಾಖ ಹೇಗೆ ಹರಿಯುತ್ತದೆ ಎಂದು ತಿಳಿಯಲು ಉಷ್ಣಗತಿಶಾಸ್ತ್ರ ಬೇಕು. ಭೂಮಿ ತಿರುಗುತ್ತಿರುವುದರಿಂದ ಗಾಳಿ ಮತ್ತು ಪ್ರವಾಹ ಪಕ್ಕಕ್ಕೆ ವಾಲುತ್ತವೆ, ಅದಕ್ಕೆ ತಿರುಗುವ ವಸ್ತುಗಳ ಗಣಿತ ಬೇಕು. ಅಂಕಿಗಳಲ್ಲಿ ನಿಜ ಯಾವುದು, ಅಕಸ್ಮಾತ್ ಯಾವುದು ಎಂದು ತಿಳಿಯಲು ಸಂಖ್ಯಾಶಾಸ್ತ್ರ ಬೇಕು. ವಾಕರ್ ಅವರ ಗುಮಾಸ್ತರು ವರ್ಷಗಟ್ಟಲೆ ಮಾಡಿದ್ದನ್ನು ನಿಮಿಷದಲ್ಲಿ ಮಾಡಲು ಕಂಪ್ಯೂಟರ್ ಪ್ರೋಗ್ರಾಮಿಂಗ್ ಬೇಕು. ಇವನ್ನೆಲ್ಲ ಭೌತಶಾಸ್ತ್ರ ಮತ್ತು ಗಣಿತದ ಒಳ್ಳೆಯ ಬಿಎಸ್‌ಸಿಯಲ್ಲಿ ಕಲಿಯಬಹುದು. ಆಮೇಲೆ ಕೊಚ್ಚಿ ವಿಶ್ವವಿದ್ಯಾಲಯದಲ್ಲಿ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಹವಾಮಾನ ಮತ್ತು ಸಾಗರ ವಿಜ್ಞಾನದ ಎಂಎಸ್‌ಸಿ ಇದೆ. ಸಂಶೋಧನೆಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರ ಇದೆ. ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಪುಣೆಯಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ ಇವೆ.

ನನಗೆ ಗಣಿತ ಈಗಲೂ ಸುಲಭವಾಗಿಲ್ಲ. ಹೋದ ತಿಂಗಳ ಪರೀಕ್ಷೆಯಲ್ಲಿ 80ಕ್ಕೆ 47 ಬಂತು. ಮೊದಲ ರ‍್ಯಾಂಕಿನ ವಾಕರ್ ಎಲ್ಲಿ, ನಾನೆಲ್ಲಿ. ಆದರೆ ಅವರಿಂದ ನಾನು ತೆಗೆದುಕೊಂಡದ್ದು ರ‍್ಯಾಂಕ್ ಅಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೂ, ಲೆಕ್ಕ ಪ್ರಾಮಾಣಿಕವಾಗಿದ್ದರೆ ಅದು ಮುಂದಿನವರಿಗೆ ದಾರಿಯಾಗುತ್ತದೆ ಎಂಬುದನ್ನು ತೆಗೆದುಕೊಂಡೆ. ಮನೆಯಲ್ಲಿ ಉಮ್ಮನಿಗೆ ಇನ್ನೂ ನಾನು ಡಾಕ್ಟರ್ ಆಗಬೇಕೆಂಬ ಆಸೆ ಇದೆ. ನಾನು ಬಿಎಸ್‌ಸಿ ಅರ್ಜಿಯ ಬಗ್ಗೆ ಹೇಳಿದಾಗ ಅವರು ಬೇಸರಪಟ್ಟರು. ಬಾಪ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಈ ವರ್ಷ ಮಳೆ ಹೇಗೆ ಎಂದು ನನ್ನನ್ನೇ ಕೇಳಿದರು. ಖಚಿತವಾಗಿ ಹೇಳಲು ಬರುವುದಿಲ್ಲ, ಪೆಸಿಫಿಕ್ ಸಾಗರದ ಉಷ್ಣಾಂಶ ನೋಡಿ ಸಾಧ್ಯತೆ ಎಷ್ಟು ಎಂದಷ್ಟೇ ಹೇಳಬಹುದು ಎಂದೆ. ಅಷ್ಟನ್ನಾದರೂ ಸರಿಯಾಗಿ ಹೇಳುವಷ್ಟು ಓದು ಎಂದರು.